ಮನೆಯ ಗಣಕದಲ್ಲಿ ಆತಿಥೇಯ ಯಾರಾಗಬೇಕು?



ಒಂದೇ ಗಣಕಯಂತ್ರದೊಳಗೆ ಮೂರು ನಾಲ್ಕು ಗಣಕಗಳನ್ನು ನಡೆಸಬಹುದೆಂಬುದನ್ನು ಪರದೆಯ ಮೇಲೆ ನೋಡಿದಿರಿ. ಮನೆಯಲ್ಲೇ ಇಂಥ ಪ್ರಯೋಗಶಾಲೆಯನ್ನು ಕಟ್ಟುವುದಾದರೆ ತಳಪಾಯವಾಗಿ ಯಾವ ಆಪರೇಟಿಂಗ್ ಸಿಸ್ಟಂ ಹಾಕಬೇಕು? ವಿಂಡೋಸೇ, ಲಿನಕ್ಸೇ, ಇಲ್ಲವೆ ಈ ಕೆಲಸಕ್ಕೆಂದೇ ಇರುವ ಪ್ರಾಕ್ಸ್‌ಮಾಕ್ಸ್‌ನಂಥದ್ದೇ? ಆಯ್ಕೆ ತಪ್ಪಿದರೆ ಮನೆಯವರ ಫೋಟೋ, ಲೆಕ್ಕಪತ್ರಗಳೆಲ್ಲ ಒಂದೇ ಗಳಿಗೆಯಲ್ಲಿ ಅಳಿಸಿಹೋಗುವ ಅಪಾಯವೂ ಉಂಟು. ಆದ್ದರಿಂದ ನಿಧಾನವಾಗಿ ಯೋಚಿಸೋಣ.

ಒಂದು ವಠಾರವನ್ನು ಕಲ್ಪಿಸಿಕೊಳ್ಳಿ. ಬಾವಿ ಒಂದು, ಬಿಡಾರಗಳು ಹಲವು. ಪ್ರತಿ ಬಿಡಾರದಲ್ಲೂ ಒಲೆ ಬೇರೆ, ಸಂಸಾರ ಬೇರೆ. ಯಾರಿಗೆ ಎಷ್ಟು ನೀರು ಎಂದು ನಿರ್ಧರಿಸುವವನು ವಠಾರದ ಯಜಮಾನ. ಗಣಕದಲ್ಲಿ ಹಂಚಿಕೆಯ ಈ ಕೆಲಸ ಮಾಡುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎಂದು ಹೆಸರು. ಬಿಡಾರಗಳೇ ವರ್ಚುವಲ್ ಯಂತ್ರಗಳು. ತಂತ್ರಜ್ಞರ ಮಾತಿನಲ್ಲಿ ಅವು ಅತಿಥಿಗಳು, ತಳದಲ್ಲಿರುವ ವ್ಯವಸ್ಥೆ ಆತಿಥೇಯ. ಆತಿಥೇಯ ಕುಸಿದರೆ ಅತಿಥಿಗಳೆಲ್ಲರೂ ಒಟ್ಟಿಗೇ ಕುಸಿಯುತ್ತಾರೆ.

ವಿಚಾರ ಹೊಸದಲ್ಲ. ಐಬಿಎಂ ಸಂಸ್ಥೆ ತನ್ನ ಬೃಹತ್ ಗಣಕಗಳಿಗಾಗಿ 1972ರಲ್ಲೇ ವಿಎಂ/370 ವ್ಯವಸ್ಥೆಯನ್ನು ಪ್ರಕಟಿಸಿತ್ತು. ಮನೆಬಳಕೆಯ ಪ್ರೊಸೆಸರ್‌ಗಳಲ್ಲಿ ಇದಕ್ಕೆ ಬೇಕಾದ ವಿಶೇಷ ನೆರವನ್ನು ಇಂಟೆಲ್ 2005ರಲ್ಲೂ ಎಎಂಡಿ 2006ರಲ್ಲೂ ಸೇರಿಸಿದವು. ಆ ನೆರವು ನಿಮ್ಮ ಯಂತ್ರದಲ್ಲಿ ಚಾಲೂ ಇದೆಯೇ ಎಂದು ಮೊದಲು ನೋಡಿ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್ ಪುಟ ತೆರೆದರೆ, ಸಿಪಿಯು ವಿವರದಲ್ಲಿ 'ವರ್ಚುವಲೈಸೇಷನ್' ಎಂಬ ಸಾಲು ಕಾಣುತ್ತದೆ. 'ಡಿಸೇಬಲ್ಡ್' ಎಂದಿದ್ದರೆ ಬಯಾಸ್ ಸೆಟ್ಟಿಂಗ್‌ಗೆ ಹೋಗಿ ಅದನ್ನು ಚಾಲೂ ಮಾಡಬೇಕು.

ಎರಡನೆಯದು ಮೆಮೊರಿಯ ಲೆಕ್ಕ. ಪ್ರೊಸೆಸರಿನ ಸಮಯವನ್ನು ಸರದಿಯ ಮೇಲೆ ಹಂಚಬಹುದು. ಮೆಮೊರಿಯನ್ನು ಹಾಗೆ ಸುಲಭವಾಗಿ ಹಂಚಲಾಗದು. ಕೊಟ್ಟದ್ದರಲ್ಲಿ ಬಹುಪಾಲು ಕೊಟ್ಟವನಿಗೇ ಮೀಸಲು. ನಿಮ್ಮಲ್ಲಿ 8 ಗಿಗಾಬೈಟ್ ಇದೆಯೆನ್ನಿ. ವಿಂಡೋಸ್ 11 ತನಗಾಗಿಯೇ ಕನಿಷ್ಠ 4 ಕೇಳುತ್ತದೆ. ಉಳಿದ 4ರಲ್ಲಿ 1 ಗಿಗಾಬೈಟಿನ ಪುಟ್ಟ ಲಿನಕ್ಸ್ ಅತಿಥಿಗಳು ಮೂರು ಹಿಡಿದಾವು. ಚಿತ್ರಮಯ ಪರದೆಯಿಲ್ಲದ ಡೆಬಿಯನ್ ಲಿನಕ್ಸ್‌ಗೆ 1 ಗಿಗಾಬೈಟ್ ಧಾರಾಳ. ಅದು ಆತಿಥೇಯನಾದರೆ ಆರು ಅತಿಥಿಗಳಿಗೆ ಜಾಗವಾಗುತ್ತದೆ. ಮೆಮೊರಿ ಸಾಲದಿದ್ದಾಗ ಗಣಕ ಡಿಸ್ಕಿನ ಮೊರೆ ಹೋಗುತ್ತದೆ. ಆಗ ಎಲ್ಲವೂ ಆಮೆಯ ನಡಿಗೆ.

ಈಗ ಆಯ್ಕೆಗಳಿಗೆ ಬರೋಣ. ಮನೆಗೆಲ್ಲ ಇರುವುದು ಒಂದೇ ಗಣಕವಾದರೆ ಈಗಿರುವ ವ್ಯವಸ್ಥೆಯನ್ನು ಅಲುಗಿಸಬೇಡಿ. ಅದರ ಮೇಲೆಯೇ ವರ್ಚುವಲ್‌ಬಾಕ್ಸ್ ಹಾಕಿಕೊಳ್ಳಿ. ಅತಿಥಿಯ ಇಡೀ ಡಿಸ್ಕು ಒಂದು ಕಡತವಾಗಿ ಕೂರುತ್ತದೆ; ಬೇಡವಾದಾಗ ಅಳಿಸಿದರಾಯಿತು. ಮೈಕ್ರೋಸಾಫ್ಟ್‌ನ ಹೈಪರ್-ವಿ ಕೂಡ ಉಂಟು. ಆದರೆ ಅದು ವಿಂಡೋಸ್‌ನ ಪ್ರೊ, ಎಜುಕೇಷನ್‌ನಂಥ ಆವೃತ್ತಿಗಳಲ್ಲಿದೆ, ಹೋಮ್ ಆವೃತ್ತಿಯಲ್ಲಿಲ್ಲ.

ಲಿನಕ್ಸ್ ರೂಢಿಯಿದ್ದವರಿಗೆ ಕೆವಿಎಂ ಒಳ್ಳೆಯದು. 2007ರಿಂದ ಅದು ಲಿನಕ್ಸ್ ಕರ್ನೆಲ್‌ನ ಭಾಗವೇ ಆಗಿದೆ. ಜಾಲದ ಸೇತುವೆ, ಡಿಸ್ಕಿನ ವಿಂಗಡಣೆ ಮೊದಲಾದವನ್ನು ಕೈಯಾರೆ ಮಾಡಿ ಕಲಿಯಲು ಇದಕ್ಕಿಂತ ಉತ್ತಮ ದಾರಿಯಿಲ್ಲ. ಓದು ಬರಹದ ದಿನನಿತ್ಯದ ಕೆಲಸಕ್ಕೂ ಅದೇ ಯಂತ್ರ ಒದಗುತ್ತದೆ.

ಬಿಡುವಾಗಿರುವ ಬೇರೊಂದು ಗಣಕವಿದ್ದರೆ ಪ್ರಾಕ್ಸ್‌ಮಾಕ್ಸ್ ಹಾಕಬಹುದು. 2008ರಲ್ಲಿ ಹೊರಬಂದ ಇದಕ್ಕೆ ಡೆಬಿಯನ್ ತಳಹದಿ, ಒಳಗೆ ಕೆವಿಎಂ ಎಂಜಿನ್. ಇನ್ನೊಂದು ಗಣಕದ ಬ್ರೌಸರ್‌ನಿಂದ ಎಲ್ಲವನ್ನೂ ನಡೆಸಬೇಕು. ಇಲ್ಲೇ ಎಚ್ಚರಿಕೆ: ಇದರ ಇನ್‌ಸ್ಟಾಲರ್ ನೀವು ತೋರಿಸಿದ ಡಿಸ್ಕನ್ನು ಪೂರ್ತಿ ಅಳಿಸಿಯೇ ಮುಂದುವರಿಯುತ್ತದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೊಸ ವಿಂಡೋಸ್‌ಗೆ ಒಗ್ಗದೆ ಮೂಲೆ ಸೇರಿದ ಯಂತ್ರ ಈ ಕೆಲಸಕ್ಕೆ ತಕ್ಕದ್ದು. ಆದರೆ ಅದರಲ್ಲಿರುವುದನ್ನೆಲ್ಲ ಮೊದಲೇ ಬೇರೆಡೆ ನಕಲು ಮಾಡಿಟ್ಟುಕೊಳ್ಳಿ.

ಇಂದು ಉಚಿತವಾದದ್ದು ನಾಳೆಯೂ ಉಚಿತವೆಂಬ ಭರವಸೆ ಬೇಡ. ವಿಎಂವೇರ್ ಸಂಸ್ಥೆಯನ್ನು ಬ್ರಾಡ್‌ಕಾಮ್ 2023ರ ನವೆಂಬರ್‌ನಲ್ಲಿ ಕೊಂಡಿತು. 2024ರ ಫೆಬ್ರವರಿಯಲ್ಲಿ ಉಚಿತ ಇಎಸ್‌ಎಕ್ಸ್‌ಐ ನಿಂತಿತು. 2025ರ ಏಪ್ರಿಲ್‌ನಲ್ಲಿ ಮರಳಿ ಬಂತು. ನಡುವೆ ಅನೇಕರು ಬೇರೆ ವ್ಯವಸ್ಥೆಗೆ ಬಿಡಾರ ಬದಲಿಸಬೇಕಾಯಿತು. ಕ್ಯೂಇಎಂಯು-ಇಮೇಜ್ ಎಂಬ ಉಚಿತ ಸಾಧನ ಒಂದು ಬಗೆಯ ಡಿಸ್ಕ್ ಕಡತವನ್ನು ಇನ್ನೊಂದು ಬಗೆಗೆ ಪರಿವರ್ತಿಸುತ್ತದೆ. ಆತಿಥೇಯನನ್ನು ಬದಲಿಸುವ ಈ ದಾರಿ ನಿಮಗೆ ತಿಳಿದಿರಲಿ.

ಕರೆಂಟು ಹೋಗುವ ಊರಿನಲ್ಲಿ ಯುಪಿಎಸ್ ಇಲ್ಲವೆ ಬ್ಯಾಟರಿ ಗಟ್ಟಿಯಿರುವ ಲ್ಯಾಪ್‌ಟಾಪ್ ಬೇಕು. ಬರೆಯುತ್ತಿರುವ ಡಿಸ್ಕ್ ಕಡತ ಅರ್ಧಕ್ಕೆ ನಿಂತರೆ ಅತಿಥಿ ಮತ್ತೆ ಏಳದೆ ಹೋಗಬಹುದು.

ಮಾಡಿ ನೋಡಿ: ವರ್ಚುವಲ್‌ಬಾಕ್ಸ್‌ನಲ್ಲಿ ಒಂದು ಡೆಬಿಯನ್ ಅತಿಥಿಯನ್ನು ಸ್ಥಾಪಿಸಿ, ಸ್ನ್ಯಾಪ್‌ಶಾಟ್ ತೆಗೆದಿಡಿ. ಬಳಿಕ ಆ ಅತಿಥಿಯೊಳಗಿನ ಕೆಲವು ಕಡತಗಳನ್ನು ಬೇಕೆಂದೇ ಅಳಿಸಿ, ಸ್ನ್ಯಾಪ್‌ಶಾಟ್‌ನಿಂದ ಹಿಂದಿನ ಸ್ಥಿತಿಗೆ ತನ್ನಿ. ಕೊನೆಗೆ ಅತಿಥಿಯನ್ನು ನಿಲ್ಲಿಸಿ, ಅದರ ಇಡೀ ಫೋಲ್ಡರನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ. ಸ್ನ್ಯಾಪ್‌ಶಾಟ್ ಇರುವುದು ಅದೇ ಡಿಸ್ಕಿನಲ್ಲಿ. ಡಿಸ್ಕು ಕೆಟ್ಟರೆ ಕೈಯಲ್ಲಿ ಉಳಿಯುವುದು ಆ ನಕಲು ಮಾತ್ರ.