ಪೆಟ್ಟಿಗೆ ಹಿಡಿದ ಪಂಡಿತರು

ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ, ಒಂದೇ ಪೆಟ್ಟಿಗೆ ಹಿಡಿದು ಬಂದಿಳಿಯುವ ಹುಡುಗರನ್ನು ನಾವು ಎಷ್ಟೋ ಮಂದಿ ಕಂಡಿದ್ದೇವೆ. ಅವರಿಗೆ ಊರಿನಲ್ಲಿ ಮನೆಯೊಂದಾದರೂ ಇರುತ್ತಿತ್ತು. ಹಂಗೆರಿಯ ಗಣಿತಜ್ಞ ಪಾಲ್ ಎರ್ಡಿಶ್ (೧೯೧೩–೧೯೯೬) ಮಹಾಶಯರು ಸಂಸಾರವನ್ನಾಗಲಿ ಸ್ಥಿರವಾದ ಬಿಡಾರವನ್ನಾಗಲಿ ಹೂಡಲೇ ಇಲ್ಲ. ದೇಶದೇಶಗಳಲ್ಲಿ ಉಪನ್ಯಾಸ, ಮಿತ್ರರ ಮನೆಯಲ್ಲಿ ವಸತಿ, ಕಾಫಿ ಕುಡಿಯುತ್ತ ಅವರೊಡನೆ ಕೂಡಿ ಲೆಕ್ಕ; ಅನಂತರ ಮುಂದಿನ ಊರು. ಹೀಗೆ ಬರೆದ ಪ್ರಬಂಧಗಳು ಸುಮಾರು ೧,೫೦೦. ಸಹಲೇಖಕರು ೫೦೦ಕ್ಕೂ ಮಿಕ್ಕು. (ಅಡಿಗೆ ಮಾಡಿ ಬಡಿಸಿದ ಗೃಹಿಣಿಯರ ಲೆಕ್ಕವನ್ನು ಯಾರೂ ಇಟ್ಟಂತಿಲ್ಲ!)

ಈ ಅಲೆದಾಟಕ್ಕೆ ಬೆಲೆಯೂ ತೆರಬೇಕಾಯಿತು. ೧೯೫೪ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಗಣಿತ ಸಮ್ಮೇಳನಕ್ಕೆ ಹೊರಟಾಗ, ಮರಳಿ ಬರಲು ಅಮೆರಿಕದ ಅಧಿಕಾರಿಗಳು ಪರವಾನಗಿ ಕೊಡಲಿಲ್ಲ. ಅವರು ಹೋಗಿಯೇ ಹೋದರು. ಹಲವು ವರ್ಷ ಆ ಬಾಗಿಲು ಸಲೀಸಾಗಿ ತೆರೆಯಲಿಲ್ಲ.

ಚೆನ್ನೈಯ ವಾಚಕರಿಗೆ ಹೇಳತಕ್ಕ ಸಂಗತಿಯೊಂದುಂಟು. ಕಲ್ಕತ್ತೆಯಿಂದ ಆಸ್ಟ್ರೇಲಿಯಕ್ಕೆ ಹೋಗಬೇಕಾಗಿದ್ದ ಇವರು, ತಮಗೆ ಪತ್ರ ಬರೆದಿದ್ದ ಕಾಲೇಜು ವಿದ್ಯಾರ್ಥಿ ಕೃಷ್ಣಸ್ವಾಮಿ ಅಲ್ಲಾಡಿಯನ್ನು ಕಾಣಲೆಂದೇ ೧೯೭೫ರಲ್ಲಿ ಮದರಾಸಿಗೆ ದಾರಿ ತಿರುಗಿಸಿದರು. ಹುಡುಗನೊಬ್ಬನಿಗಾಗಿ! ಆ ಹುಡುಗ ಮುಂದೆ ಅಮೆರಿಕದಲ್ಲಿ ಗಣಿತ ಪ್ರಾಧ್ಯಾಪಕನಾದನು.

೧೯೯೬ರ ಸೆಪ್ಟೆಂಬರ್ ೨೦ರಂದು, ವಾರ್ಸಾ ನಗರದ ಗಣಿತಗೋಷ್ಠಿಗೆ ಹೋಗಿದ್ದಾಗಲೇ ಎರ್ಡಿಶ್ ತೀರಿಕೊಂಡರು. ಸಮಾಧಿ ಮಾತ್ರ ಹುಟ್ಟೂರಾದ ಬುಡಾಪೆಸ್ಟಿನಲ್ಲಿ, ತಾಯಿತಂದೆಯರ ಬಳಿಯಲ್ಲಿದೆ.