ಎಕ್ಸಾಸ್ಟ್ ಕಟೌಟ್: ಸ್ವಿಚ್ಚೋ, ಸ್ಪ್ಯಾನರೋ?

ಎಂಟು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುತ್ತಿದೆ ಎನ್ನಿ. ಅದರ ಎಕ್ಸಾಸ್ಟ್ ಪೈಪಿಗೆ ಸೆಕೆಂಡಿಗೆ 400 ಸಲ ಬಿಸಿ ಅನಿಲ ನುಗ್ಗುತ್ತದೆ. ವಾಲ್ವ್ ತೆರೆಯುವ ಹೊತ್ತಿಗೂ ಸಿಲಿಂಡರಿನೊಳಗೆ ವಾತಾವರಣದ ಹಲವು ಪಟ್ಟು ಒತ್ತಡ ಉಳಿದೇ ಇರುತ್ತದೆ. ಅದು ಒಮ್ಮೆಗೇ ಹೊರಬೀಳುವುದರಿಂದಲೇ ಅಷ್ಟು ಸದ್ದು. ಈ ಸದ್ದಡಗಿಸಲು ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್ ಊರಿನ ಮಿಲ್ಟನ್ ಮತ್ತು ಮಾರ್ಷಲ್ ರೀವ್ಸ್ 1897ರಲ್ಲಿ ಸೈಲೆನ್ಸರಿಗೆ ಪೇಟೆಂಟ್ ಪಡೆದರು. ಆದರೆ ಸೈಲೆನ್ಸರಿನ ಅಡ್ಡಗೋಡೆಗಳನ್ನು ದಾಟಿಸಿ ಹೊಗೆಯನ್ನು ಹೊರದಬ್ಬಲು ಪಿಸ್ಟನ್ ಒಂದಿಷ್ಟು ಶಕ್ತಿ ವ್ಯಯಿಸಬೇಕಾಗುತ್ತದೆ. ಹಳೆಯ ಕಾರುಗಳಲ್ಲಿ ಈ ನಷ್ಟ ಹೆಚ್ಚೇ ಇತ್ತು. ಹಾಗಾಗಿ ಏರು ಹತ್ತುವಾಗ ಪೆಡಲ್ ಒತ್ತಿ, ಸೈಲೆನ್ಸರಿಗಿಂತ ಮೊದಲೇ ಇದ್ದ ಕವಾಟ ತೆರೆದು, ಕಾಲುವೆಯ ತೂಬು ಎತ್ತಿದ ಹಾಗೆ ಹೊಗೆಯನ್ನು ನೇರ ಹೊರಬಿಡುತ್ತಿದ್ದರು. ಅದೇ ಕಟೌಟ್. ಊರೊಳಗೆ ಅದನ್ನು ತೆರೆಯಕೂಡದೆಂದು ಅಮೆರಿಕದ ಅನೇಕ ನಗರಗಳು ಆಗಲೇ ಕಾನೂನು ಮಾಡಿದ್ದವು.

ಆಮೇಲೆ ಅದನ್ನು ಪ್ರೀತಿಯಿಂದ ಉಳಿಸಿಕೊಂಡವರು ರೇಸಿನವರು. ಕ್ಯಾಲಿಫೋರ್ನಿಯಾದ ಮುರಾಕ್, ಎಲ್ ಮಿರಾಜ್ ಎಂಬ ಒಣಗಿದ ಕೆರೆಯಂಗಳಗಳಲ್ಲಿ ಕಾರು ಓಡಿಸುತ್ತಿದ್ದ ಯುವಕರು ಪೈಪಿನ ಮುಚ್ಚಳ ಬಿಚ್ಚಿ ಓಡುತ್ತಿದ್ದರು, ಓಟ ಮುಗಿದ ಮೇಲೆ ಮತ್ತೆ ಬಿಗಿದು ಮನೆಗೆ ಹೊರಡುತ್ತಿದ್ದರು. ಇಂದಿಗೂ ಅಮೆರಿಕದಲ್ಲಿ ಕಟೌಟ್ ಕೊಳ್ಳುವವರಲ್ಲಿ ಕಾಲು ಮೈಲಿಯ, ಅಂದರೆ 402 ಮೀಟರಿನ, ಡ್ರ್ಯಾಗ್ ಓಟಕ್ಕೆ ಹೋಗುವವರಿದ್ದಾರೆ. ಅವರ ಮುಂದಿರುವ ಪ್ರಶ್ನೆ: ಬೋಲ್ಟ್ ಬಿಚ್ಚಿ ತೆಗೆಯುವ ಮುಚ್ಚಳವೋ, ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ತೆರೆಯುವ ಮೋಟಾರಿನದೋ?

ಎರಡರಲ್ಲೂ ಪೈಪಿಗೆ ಒಂದು ಕವಲು ಬೆಸುಗೆ ಹಾಕುತ್ತಾರೆ. ಕೈಯದರಲ್ಲಿ ಆ ಕವಲಿನ ಬಾಯಿಗೆ ದಪ್ಪ ಲೋಹದ ಬಿಲ್ಲೆ, ನಡುವೆ ಗ್ಯಾಸ್ಕೆಟ್, ಎರಡೋ ಮೂರೋ ಬೋಲ್ಟು. ಅಷ್ಟೇ. ಕೆಡಲು ಅಲ್ಲಿ ಹೆಚ್ಚೇನೂ ಇಲ್ಲ, ಬಿಗಿದರೆ ಒಂದಿಷ್ಟೂ ಸೋರುವುದಿಲ್ಲ. ತೊಂದರೆಯಿರುವುದು ಬಿಚ್ಚುವವರಿಗೆ. ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಬೆನ್ನ ಮೇಲೆ ಮಲಗಿ ಕಾರಿನಡಿ ತೂರಬೇಕು. ಪೈಪ್ ಆರುವವರೆಗೆ ಕಾಯಬೇಕು. ಬಿಸಿಯಾಗಿ ಆರಿ, ಮತ್ತೆ ಬಿಸಿಯಾಗಿ, ನಡುವೆ ಮಳೆನೀರು ಕುಡಿದ ಬೋಲ್ಟು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ. ತಾಮ್ರದ ಪುಡಿ ಬೆರೆಸಿದ ಗ್ರೀಸನ್ನು ಬೋಲ್ಟಿನ ಮರೆಗೆ ಹಚ್ಚದಿದ್ದರೆ ಮುಂದಿನ ಸಲ ತಲೆಯೇ ಮುರಿದು ಕೈಗೆ ಬರಬಹುದು.

ಮೋಟಾರಿನ ಕಟೌಟಿನಲ್ಲಿ ಬಿಲ್ಲೆಯ ಬದಲು ಬಟರ್‌ಫ್ಲೈ ವಾಲ್ವ್ ಇರುತ್ತದೆ: ನಡುವೆ ಅಚ್ಚು ಹಾಯಿಸಿದ ದುಂಡು ತಟ್ಟೆ. 12 ವೋಲ್ಟಿನ ಪುಟ್ಟ ಮೋಟಾರು ಗಿಯರುಗಳ ಮೂಲಕ ಅದನ್ನು ಕಾಲು ಸುತ್ತು ತಿರುಗಿಸುತ್ತದೆ. ಅರ್ಧ ಬೇಕಾದರೆ ಅರ್ಧವೇ ತೆರೆಯಬಹುದು. ಈ ಸುಖ ಕೈಯದರಲ್ಲಿಲ್ಲ.

ಈ ತಟ್ಟೆಯ ಅಂಚನ್ನು ಹತ್ತಿರದಿಂದ ನೋಡಬೇಕು, ಇಡೀ ವ್ಯಾಜ್ಯ ಇರುವುದೇ ಅಲ್ಲಿ. ಮೂರು ಇಂಚಿನ, ಅಂದರೆ 76 ಮಿಲಿಮೀಟರಿನ, ತಟ್ಟೆ ಸ್ಟೇನ್‌ಲೆಸ್ ಉಕ್ಕಿನದು ಎಂದುಕೊಳ್ಳಿ. 500 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಅದರ ವ್ಯಾಸ ಸುಮಾರು 0.65 ಮಿಲಿಮೀಟರ್ ಹಿಗ್ಗುತ್ತದೆ. ಸುತ್ತಲಿನ ಕವಚವೂ ಹಿಗ್ಗುತ್ತದೆ ನಿಜ, ಆದರೆ ಕವಚಕ್ಕೆ ಹೊರಗಿನ ಗಾಳಿ ಬಡಿಯುತ್ತಿರುತ್ತದೆ. ತಟ್ಟೆ ಅದಕ್ಕಿಂತ 100 ಡಿಗ್ರಿ ಹೆಚ್ಚು ಬಿಸಿಯಾದರೂ ಸಾಕು, 0.13 ಮಿಲಿಮೀಟರಿನ ವ್ಯತ್ಯಾಸ ಬರುತ್ತದೆ. ಹಾಗಾಗಿ ತಯಾರಕರು ಅಷ್ಟು ಸಂದು ಬಿಡಲೇಬೇಕು; ಬಿಡದಿದ್ದರೆ ತಟ್ಟೆ ಸಿಕ್ಕಿಕೊಳ್ಳುತ್ತದೆ, ಬಿಟ್ಟರೆ ಮುಚ್ಚಿದಾಗಲೂ ಸೋರುತ್ತದೆ. ಆ ಸಂದಿನಲ್ಲಿ ಮಸಿ ಕಟ್ಟಿಕೊಂಡರೆ ತಟ್ಟೆ ಪೂರ್ತಿ ಕೂರುವುದೂ ನಿಲ್ಲುತ್ತದೆ. ತಟ್ಟೆಯ ಅರ್ಧ ಭಾಗ ಒಂದು ಕಡೆಯಿಂದ, ಇನ್ನರ್ಧ ಮತ್ತೊಂದು ಕಡೆಯಿಂದ ಸಣ್ಣ ಮೆಟ್ಟಿಲಿಗೆ ಒತ್ತಿ ಕೂರುವ ವಿನ್ಯಾಸಗಳು ಎಷ್ಟೋ ಮೇಲು. ಕೊಳ್ಳುವ ಮೊದಲು ಸ್ವಿಚ್ಚು ಎಷ್ಟು ಚೆನ್ನಾಗಿದೆ ಎನ್ನುವುದಕ್ಕಿಂತ ಈ ಅಂಚು ಹೇಗಿದೆ ಎಂದು ನೋಡಿ.

ಸೋರಿಕೆಯೆಂದರೆ ಬರೀ ಚಟಪಟ ಸದ್ದಲ್ಲ. ಎಕ್ಸಾಸ್ಟಿನಲ್ಲಿ ಒತ್ತಡ ಒಂದೇ ಸಮ ಇರುವುದಿಲ್ಲ. ಒಂದು ಅಲೆ ಹಾದುಹೋದ ಮರುಕ್ಷಣ ಒತ್ತಡ ವಾತಾವರಣಕ್ಕಿಂತ ಕೆಳಗಿಳಿದು, ಸಂದಿನಿಂದ ಗಾಳಿ ಒಳಕ್ಕೆ ಎಳೆಯಲ್ಪಡುತ್ತದೆ. ಆಕ್ಸಿಜನ್ ಸೆನ್ಸರಿಗೆ ಆ ಗಾಳಿ ತಾಗಿದರೆ ಪೆಟ್ರೋಲ್ ಕಮ್ಮಿಯಾಗಿದೆಯೆಂದು ಕಂಪ್ಯೂಟರ್ ಭಾವಿಸಿ ಇನ್ನಷ್ಟು ಸುರಿಯುತ್ತದೆ. ಆದ್ದರಿಂದ ಕಟೌಟ್ ಸೆನ್ಸರಿನ ಆಚೆಗೇ ಇರಲಿ. ಅದಕ್ಕಿಂತ ದೊಡ್ಡ ಆತಂಕ ಕಾರ್ಬನ್ ಮಾನಾಕ್ಸೈಡಿನದು. ಬಣ್ಣವಿಲ್ಲ, ವಾಸನೆಯಿಲ್ಲ, ಕಾರಿನ ತಳದ ಸಣ್ಣ ತೂತುಗಳಿಂದ ಒಳಗೆ ಬರಬಲ್ಲದು. ಕವಲಿನ ಬಾಯನ್ನು ಹಿಂದಕ್ಕೂ ಹೊರಕ್ಕೂ ತಿರುಗಿಸಿ. ಬ್ರೇಕ್ ಪೈಪು, ಪೆಟ್ರೋಲ್ ಪೈಪುಗಳಿಂದ ದೂರವಿಡಿ.

ಮೋಟಾರಿನ ಆಯಸ್ಸಿಗೂ ಬಿಸಿಯೇ ಶತ್ರು. ಸಾಮಾನ್ಯ ದರ್ಜೆಯ ನಿಯೊಡಿಮಿಯಂ ಅಯಸ್ಕಾಂತ 80 ಡಿಗ್ರಿ ದಾಟಿದರೆ ಬಲ ಕಳೆದುಕೊಳ್ಳತೊಡಗುತ್ತದೆ, ಗಿಯರಿನ ಗ್ರೀಸ್ ಒಣಗುತ್ತದೆ. ತಟ್ಟೆ ತುದಿ ಮುಟ್ಟಿದ ಮೇಲೂ ಸ್ವಿಚ್ ಒತ್ತಿಯೇ ಹಿಡಿದರೆ ಮೋಟಾರಿನ ಸುರುಳಿ ಸುಡುತ್ತದೆ. ತಾನಾಗಿ ಕರೆಂಟು ಕಡಿಯುವ ವ್ಯವಸ್ಥೆ ಇರುವುದನ್ನೇ ಆರಿಸಬೇಕು. ತೆರೆದ ಸ್ಥಿತಿಯಲ್ಲಿ ಕೆಟ್ಟರೆ ಮನೆ ತನಕ ಹಾಗೇ ಗುಡುಗುತ್ತ ಬರಬೇಕು. ಕೈಯಲ್ಲಿ ತಿರುಗಿಸಲು ಅಚ್ಚಿನ ತುದಿ ಬಿಟ್ಟಿರುವ ಮಾದರಿಗೆ ನನ್ನ ಮತ.

ಇಷ್ಟೆಲ್ಲ ಮಾಡಿ ಸಿಗುವುದೆಷ್ಟು? ಎಂಜಿನ್ನಿಗೆ ಹಿಂದೊತ್ತಡ ಬೇಕೇ ಬೇಕು ಎಂಬ ಮಾತು ತಪ್ಪು. ಬೇಕಿರುವುದು ಪೈಪಿನ ಸರಿಯಾದ ಉದ್ದ ಮತ್ತು ಅಗಲ. ಮುಂದೆ ಹೋಗುವ ಅನಿಲ ಹಿಂದಿನದನ್ನು ಎಳೆದುಕೊಂಡು ಹೋಗುವುದು ಆ ಅಳತೆಯಿಂದ. ಕಟೌಟ್ ತೆರೆದಾಗ ಆ ಉದ್ದವೇ ಬದಲಾಗುವುದರಿಂದ ಕಡಿಮೆ ವೇಗದಲ್ಲಿ ಎಳೆತ ಕುಗ್ಗಲೂಬಹುದು. ಒಳ್ಳೆಯ ಸೈಲೆನ್ಸರಿದ್ದ ಕಾರಿಗೆ ಲಾಭ ಅಲ್ಪ. ಟರ್ಬೊ ಇದ್ದರೆ ಕತೆ ಬೇರೆ: ಟರ್ಬೈನಿನ ಆಚೆಗಿನ ಒತ್ತಡ ತಗ್ಗಿದಷ್ಟೂ ಅದು ಬೇಗ ವೇಗ ಪಡೆಯುತ್ತದೆ.

ರಸ್ತೆಯ ಮೇಲೆ ಮಾತ್ರ ಎರಡಕ್ಕೂ ಜಾಗವಿಲ್ಲ. ಕ್ಯಾಟಲಿಟಿಕ್ ಕನ್ವರ್ಟರನ್ನು ತಪ್ಪಿಸಿ ಹೊಗೆ ಬಿಡುವುದು ಅಮೆರಿಕದ ಶುದ್ಧಗಾಳಿ ಕಾಯಿದೆಗೆ ವಿರುದ್ಧ. ನಮ್ಮಲ್ಲೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಪ್ರತಿ ವಾಹನಕ್ಕೂ ಸೈಲೆನ್ಸರ್ ಕಡ್ಡಾಯ ಮಾಡಿದೆ. 2006ರ ಕಾರ್ವೆಟ್ Z06ನಂಥ ಕಾರಿಗೆ ಕಾರ್ಖಾನೆಯೇ ಕೊಟ್ಟ ಕವಾಟ ಬೇರೆ ಜಾತಿಯದು. ಅದು ಸೈಲೆನ್ಸರಿನಲ್ಲೇ ಇದ್ದು, ಹೊಗೆ ಕನ್ವರ್ಟರ್ ದಾಟಿದ ಮೇಲೆ ಮಾತ್ರ ಕೆಲಸ ಮಾಡುತ್ತದೆ.

ಆದ್ದರಿಂದ ತೆರೆಯುವುದು ಓಟದ ಅಂಗಳದಲ್ಲಿ ಮಾತ್ರ ಎಂದಾದರೆ ನಾನು ಮುಚ್ಚಳವನ್ನೇ ಆರಿಸುತ್ತೇನೆ. ದಿನಕ್ಕೊಮ್ಮೆ ಬಿಚ್ಚಿ ಒಮ್ಮೆ ಬಿಗಿಯುವುದಕ್ಕೆ ಮೋಟಾರು ಬೇಕಿಲ್ಲ. ಒಂದೇ ದಿನದಲ್ಲಿ ಹಲವು ಸಲ ತೆರೆದು ಮುಚ್ಚಬೇಕಾದವರು, ಕಾರಿನಡಿ ತೂರಲು ಮೈ ಒಪ್ಪದವರು ಮೋಟಾರಿನದನ್ನು ಕೊಳ್ಳಲಿ, ಬಳಸದಿದ್ದಾಗಲೂ ಎಂಜಿನ್ ನಿಲ್ಲಿಸಿ ವಾರಕ್ಕೊಮ್ಮೆ ತಟ್ಟೆಯನ್ನು ಆಡಿಸುತ್ತಿರಲಿ. ಯಾವುದೇ ಹಾಕಿಸಿದರೂ ಬಯಲಿನಲ್ಲಿ ತಣ್ಣಗಿನ ಎಂಜಿನ್ ಚಾಲೂ ಮಾಡಿ, ಹಿಂದಿನ ಪೈಪಿನ ಬಾಯಿಗೆ ಇನ್ನೊಬ್ಬರಿಂದ ದಪ್ಪ ಬಟ್ಟೆಯನ್ನು ಒಂದೆರಡು ಕ್ಷಣ ಒತ್ತಿಸಿ. ಮುಚ್ಚಿದ ಕಟೌಟಿನ ಕಡೆಯಿಂದ ಪುಸ್ ಪುಸ್ ಕೇಳಿಸಿದರೆ ಅದನ್ನು ಸರಿಪಡಿಸಿಕೊಂಡೇ ಹೊರಡಿ.