‘ಚಲೋ ಅದ’, ‘ಚಲೋ ಇತ್ತು’: ರಾಕ್ ಕಛೇರಿಯ ವಿಡಿಯೋ ಕುರಿತ ಭಿನ್ನಾಭಿಪ್ರಾಯಗಳ ವ್ಯಾಕರಣ

ಸಾರಾಂಶ: ಒಂದು ತಂಡದ ನೇರ ಕಾರ್ಯಕ್ರಮದ ವಿಡಿಯೋವನ್ನು ನೋಡಿದ ಅಭಿಮಾನಿಗಳು ಪರಸ್ಪರ ಒಪ್ಪದಿರುವಾಗ ಅವರು ನಿಜವಾಗಿ ಯಾವುದನ್ನು ಒಪ್ಪುತ್ತಿಲ್ಲ ಎಂಬುದನ್ನು ಕನ್ನಡದ ವಿಭಕ್ತಿ, ಕಾಲ ಮತ್ತು ನಿಪಾತಗಳು ಬಹುಮಟ್ಟಿಗೆ ನಿರ್ಧರಿಸುತ್ತವೆ. ರಾಯಚೂರು ಜಿಲ್ಲೆಯ ಮಾನ್ವಿ ತಾಲೂಕಿನ ಕುರ್ಡಿಯ ಆಡುಮಾತನ್ನು ಆಧಾರವಾಗಿಟ್ಟುಕೊಂಡು, ಮೇಲುನೋಟಕ್ಕೆ ರುಚಿಭೇದವೆಂದು ತೋರುವ ಎಷ್ಟೋ ಜಗಳಗಳು ವಾಸ್ತವದಲ್ಲಿ ಎರಡು ಬೇರೆ ವಸ್ತುಗಳನ್ನು ಕುರಿತ ಮಾತುಗಳೆಂದು ಈ ಲೇಖನ ವಾದಿಸುತ್ತದೆ.

1. ಸಂದರ್ಭ

ಬೆಂಗಳೂರಿನ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡವು 2008ರಲ್ಲಿ ತನ್ನ ಮೊದಲ ಧ್ವನಿಸಂಪುಟವನ್ನು ಹೊರತಂದಿತು; 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿತು. ಶಿಶುನಾಳ ಷರೀಫರ (1819–1889) ಪದಗಳನ್ನು ಗಿಟಾರು, ಡ್ರಮ್ಸ್, ಪಿಟೀಲುಗಳೊಡನೆ ಹಾಡುವ ಈ ತಂಡದ ಹೆಸರು ಕರ್ನಾಟಕದ ಹಳ್ಳಿಗಳಿಗೆ ತಲುಪಿದ್ದು ಹೆಚ್ಚಾಗಿ ವೇದಿಕೆಯಿಂದಲ್ಲ, ಮೊಬೈಲಿನ ಪರದೆಯಿಂದ. ಅದಕ್ಕೂ ಮೊದಲು ಷರೀಫರನ್ನು ನಗರದ ಕೇಳುಗರ ಬಾಯಿಗೆ ತಂದವರು ಸಿ. ಅಶ್ವಥ್. ಆದರೆ ಮಾನ್ವಿ, ದೇವದುರ್ಗದ ಕಡೆಯ ಊರುಗಳಲ್ಲಿ ತತ್ತ್ವಪದಕ್ಕೆ ಇವರಿಬ್ಬರಿಗೂ ಹಿಂದಿನ ಒಂದು ಬದುಕಿದೆ: ಏಕತಾರಿ, ತಾಳ, ಹಾರ್ಮೋನಿಯಂ ಹಿಡಿದು ರಾತ್ರಿಯಿಡೀ ಹಾಡುವ ಭಜನಾ ಮೇಳ. ಜಗನ್ನಾಥದಾಸರ ಮಾನ್ವಿಯೂ ವಿಜಯದಾಸರ ಚೀಕಲಪರವಿಯೂ ಇದೇ ತಾಲೂಕಿನವು. ಹಾಡನ್ನು ತೂಗಿ ನೋಡುವ ಕಿವಿ ಇಲ್ಲಿ ಹೊಸದೇನಲ್ಲ.

ಹೀಗಾಗಿ ಒಂದೇ ವಿಡಿಯೋದ ಮುಂದೆ ಮೂರು ಬಗೆಯ ಕೇಳುಗರು ಕೂಡುತ್ತಾರೆ: ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ಕಛೇರಿಯನ್ನು ಎದುರಿಗೇ ನಿಂತು ಕೇಳಿಬಂದ ತರುಣ, ಊರಿನಲ್ಲೇ ಇದ್ದು ಪರದೆಯಲ್ಲಿ ನೋಡಿದವನು, ಮತ್ತು ಅದೇ ಪದವನ್ನು ಭಜನೆಯಲ್ಲಿ ಹಾಡುತ್ತ ಬಂದ ಹಿರಿಯ. ಈ ಮೂವರ ಮಾತು ಕೂಡುವುದಿಲ್ಲ. ಇಲ್ಲಿ ಕೊಟ್ಟಿರುವ ವಾಕ್ಯಗಳು ಯಾವ ವ್ಯಕ್ತಿಯ ಮಾತಿನ ದಾಖಲೆಯೂ ಅಲ್ಲ, ಯಾವ ತಂಡದ ಮೇಲಿನ ತೀರ್ಪೂ ಅಲ್ಲ. ಲೇಖಕನ ಮನೆಮಾತಿನ ಅರಿವಿನಿಂದ ಕಟ್ಟಿದ ಉದಾಹರಣೆಗಳು. ಅವುಗಳ ಒಪ್ಪಿತತೆಯನ್ನು ಆ ಭಾಗದ ಓದುಗರು ತಮ್ಮ ಕಿವಿಯಲ್ಲಿಯೇ ಪರೀಕ್ಷಿಸಬಹುದು.

2. ಯಾರಿಗೆ ಹಿಡಿಸಿತು?

ಕನ್ನಡದಲ್ಲಿ ಮೆಚ್ಚುಗೆಯನ್ನು ಹೇಳುವ ಎರಡು ಮುಖ್ಯ ರಚನೆಗಳು ಎಲ್ಲರಿಗೂ ಗೊತ್ತಿರುವಂಥವೇ.

(1) ನನಗ ಈ ಹಾಡು ಸೇರಲಿಲ್ಲ.
(2) ಈ ಹಾಡು ಚಲೋ ಇಲ್ಲ.

ಮೊದಲನೆಯದರಲ್ಲಿ ಅನುಭವಿಸುವ ವ್ಯಕ್ತಿಯು ಚತುರ್ಥೀ ವಿಭಕ್ತಿಯಲ್ಲಿ ಬರುತ್ತಾನೆ. ಎಸ್. ಎನ್. ಶ್ರೀಧರ್ ಅವರು 1970ರ ದಶಕದಲ್ಲಿಯೇ ಈ ‘ಚತುರ್ಥೀ ಕರ್ತೃ’ವಿನ ವಾಕ್ಯರಚನಾ ಸ್ಥಾನವನ್ನು ಚರ್ಚಿಸಿದ್ದಾರೆ, ಅಲ್ಲಿಂದೀಚೆಗೆ ದಕ್ಷಿಣ ಏಷ್ಯಾದ ಭಾಷೆಗಳ ಅಧ್ಯಯನದಲ್ಲಿ ಇದು ಸವೆದ ದಾರಿ. ನಮಗಿಲ್ಲಿ ಬೇಕಾದದ್ದು ಅದರ ಸಂವಾದಮೂಲ್ಯ. (1)ಕ್ಕೆ ಪ್ರತಿಯಾಗಿ ‘ಸುಳ್ಳು’ ಎಂದರೆ ಹಾಡಿನ ಬಗ್ಗೆ ಏನೂ ಹೇಳಿದಂತಾಗುವುದಿಲ್ಲ. ಎದುರಿಗಿದ್ದವನು ತನ್ನ ಮನಸ್ಸಿನ ಬಗ್ಗೆ ಸುಳ್ಳಾಡುತ್ತಿದ್ದಾನೆ ಎಂಬ ಆರೋಪವಾಗುತ್ತದೆ. (2)ಕ್ಕೆ ‘ಸುಳ್ಳು, ಚಲೋ ಅದ’ ಎನ್ನುವುದು ಸಹಜ. ಎಂದರೆ (1) ವಾದದ ಬಾಗಿಲನ್ನು ಮುಚ್ಚುತ್ತದೆ, (2) ತೆರೆದಿಡುತ್ತದೆ. ರುಚಿಯ ಆಖ್ಯಾತಗಳ ಬಗ್ಗೆ ಲ್ಯಾಸರ್‌ಸನ್ (2005) ಎತ್ತಿದ ಪ್ರಶ್ನೆ, ಅಂದರೆ ಇಬ್ಬರೂ ತಪ್ಪಿಲ್ಲದೆ ಒಬ್ಬರನ್ನೊಬ್ಬರು ಅಲ್ಲಗಳೆಯುವುದು ಹೇಗೆ ಸಾಧ್ಯ ಎಂಬುದು, (2)ರ ಮಾದರಿಯ ವಾಕ್ಯಗಳನ್ನು ಕುರಿತದ್ದು.

ಚತುರ್ಥೀ ರಚನೆಯಲ್ಲಿ ಬರುವ ಕ್ರಿಯಾಪದಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಸೇರು, ಹಿಡಿಸು, ಹತ್ತು, ಒಗ್ಗು. ಎಲ್ಲವೂ ಸ್ಪರ್ಶದ, ಕೂಡಿಕೆಯ ಮಾತುಗಳು. ಊಟ ಸೇರುವುದಿಲ್ಲ, ಹವಾ ಒಗ್ಗುವುದಿಲ್ಲ, ಲೆಕ್ಕ ತಲೆಗೆ ಹತ್ತುವುದಿಲ್ಲ. ವಸ್ತು ನಡೆದು ಬಂದು ವ್ಯಕ್ತಿಗೆ ಅಂಟಬೇಕು. ಅಂಟದಿದ್ದರೆ ತಪ್ಪು ಯಾರದ್ದೆಂದು ವಾಕ್ಯ ಹೇಳುವುದಿಲ್ಲ. ಹಿರಿಯರ ಎದುರು ಕಿರಿಯರು ಅಸಮ್ಮತಿ ಸೂಚಿಸಲು ಈ ರಚನೆಯನ್ನು ಆಶ್ರಯಿಸುವುದು ಇದೇ ಕಾರಣಕ್ಕೆ ಎಂದು ನನಗೆ ತೋರುತ್ತದೆ. ‘ಇಲ್ರಿ ಕಾಕಾ, ಚಲೋ ಅದ’ ಎಂಬುದು ಎದುರುತ್ತರ. ‘ನನಗೇನೋ ಸೇರಿತ್ರಿ ಕಾಕಾ’ ಎಂಬುದು ಕೇವಲ ತನ್ನ ಸುದ್ದಿ. ಸಂಭಾಷಣೆಯಲ್ಲಿ ಒಪ್ಪಿಗೆ ಬೇಗನೆ ಬರುತ್ತದೆ, ಅಸಮ್ಮತಿ ಸುತ್ತಿ ಬಳಸಿ ಬರುತ್ತದೆ ಎಂದು ಪೊಮರಾಂಟ್ಸ್ (1984) ತೋರಿಸಿದ್ದರು. ಕನ್ನಡದಲ್ಲಿ ಆ ಸುತ್ತುಬಳಸಿನ ದೊಡ್ಡ ಪಾಲನ್ನು ವಿಭಕ್ತಿಪ್ರತ್ಯಯವೊಂದು ಹೊತ್ತುಕೊಂಡಿದೆ.

ಇಲ್ಲಿ ರಾಯಚೂರು ಮಾತಿನ ಒಂದು ವಿಶೇಷವನ್ನು ಹೇಳದೆ ಮುಂದೆ ಹೋಗಲಾಗದು. 1956ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ, ಬಳಿಕ ಅದೇ ಹೆಸರಿನ ರಾಜ್ಯಕ್ಕೆ ಸೇರಿದ್ದ ಈ ಸೀಮೆಯಲ್ಲಿ ದಖನಿ ಉರ್ದುವಿನ ಮೂಲಕ ಬಂದ ಮೆಚ್ಚುಗೆಯ ಮಾತುಗಳು ಹೇರಳ: ಮಸ್ತ್, ಪಸಂದ್, ಮಜಾ, ಖುಷಿ. ‘ಪಸಂದ್’ ಉರ್ದುವಿನಲ್ಲಿ ವ್ಯಕ್ತಿಗೆ ‘ಬರುವ’ ಸಂಗತಿ. ಅಲ್ಲಿ ಅದು ನಮ್ಮ (1)ರ ಸಾಲಿಗೆ ಸೇರಿದ್ದು. ಕನ್ನಡಕ್ಕೆ ಬಂದ ಮೇಲೆ ‘ಹಾಡು ಪಸಂದ್ ಅದ’ ಎಂದು ವಸ್ತುವಿನ ಗುಣವಾಯಿತು. ‘ಮಸ್ತ್’ನ ಕತೆಯೂ ಹಾಗೆಯೇ: ಪಾರಸಿಯಲ್ಲಿ ಅಮಲೇರಿದವನು ಮಸ್ತ್, ಕುರ್ಡಿಯಲ್ಲಿ ಅಮಲೇರಿಸಿದ ಹಾಡೇ ಮಸ್ತ್. ‘ಮಜಾ’ ಮಾತ್ರ ಹಳೆಯ ಜಾಗವನ್ನು ಬಿಟ್ಟಿಲ್ಲ. ‘ನನಗ ಮಜಾ ಬಂತು’. ಇಂಗ್ಲಿಷಿನ ‘ಬೋರ್’ ಎರಡೂ ಕಡೆ ಕಾಲಿಟ್ಟಿದೆ: ‘ನನಗ ಬೋರ್ ಆತು’, ‘ಭಾಳ ಬೋರ್ ಅದ’. ಎರವಲು ಪದವೊಂದು ಯಾವ ರಚನೆಯನ್ನು ಹೊಕ್ಕಿತು ಎಂಬುದನ್ನು ನಮ್ಮ ನಿಘಂಟುಗಳು ಸಾಮಾನ್ಯವಾಗಿ ದಾಖಲಿಸುವುದಿಲ್ಲ, ಅರ್ಥವನ್ನಷ್ಟೇ ಕೊಡುತ್ತವೆ. ಇದು ಕೊರತೆಯೇ ಸರಿ.

3. ಯಾವುದು ಚಲೋ?

ನೇರ ಕಛೇರಿಯ ವಿಡಿಯೋ ಎಂಬುದು ವಿಚಿತ್ರ ವಸ್ತು. ಅದರೊಳಗೆ ಮುಗಿದುಹೋದ ಒಂದು ಘಟನೆಯಿದೆ. ಹೊರಗೆ ಎಷ್ಟು ಸಲ ಬೇಕಾದರೂ ಒತ್ತಿ ನೋಡಬಹುದಾದ ಒಂದು ಕಡತವಿದೆ. ಪುಸ್ತಕಕ್ಕೆ ಈ ಇಬ್ಬಗೆಯಿಲ್ಲ, ಸಿನಿಮಾಕ್ಕೂ ಬಹುಮಟ್ಟಿಗೆ ಇಲ್ಲ. ಈ ಇಬ್ಬಗೆಯನ್ನು ಕನ್ನಡವು ಕಾಲದ ಮೂಲಕ ಹಿಡಿಯುತ್ತದೆ.

(3) ಪ್ರೋಗ್ರಾಂ ಚಲೋ ಇತ್ತು.
(4) ವಿಡಿಯೋ ಚಲೋ ಅದ.
(5) ಪ್ರೋಗ್ರಾಂ ಚಲೋ ಇತ್ತಂತ.

ನಡೆದುಹೋದ ಕಛೇರಿಯ ಬಗ್ಗೆ (3)ನ್ನು ಹೇಳಬಲ್ಲವನು ಅಲ್ಲಿದ್ದವನು. ಇರದಿದ್ದವನು (5)ನ್ನು ಹೇಳಬೇಕು. ‘ಪ್ರೋಗ್ರಾಂ ಚಲೋ ಇತ್ತು, ನಾ ಹೋಗಿರಲಿಲ್ಲ’ ಎಂದರೆ ಕೇಳಿದವರು ಹುಬ್ಬು ಗಂಟಿಕ್ಕುತ್ತಾರೆ. ‘ಇತ್ತಂತ, ನಾ ಹೋಗಿರಲಿಲ್ಲ’ ಎಂದರೆ ಯಾವ ತೊಡಕೂ ಇಲ್ಲ. ರುಚಿಯ ಮಾತಾಡುವವನು ಆ ವಸ್ತುವನ್ನು ಸ್ವತಃ ಅನುಭವಿಸಿರಬೇಕೆಂಬ ಈ ನಿರೀಕ್ಷೆಯನ್ನು ನೀನನ್ (2014) ಪರಿಚಯದ ಅನುಮಿತಿ ಎಂದು ಕರೆದು ಚರ್ಚಿಸಿದ್ದಾರೆ. ಪ್ರಶ್ನೆಯೇನೆಂದರೆ, ವಿಡಿಯೋ ನೋಡಿದವನು ಕಛೇರಿಯನ್ನು ಅನುಭವಿಸಿದಂತೆಯೇ? ವ್ಯಾಕರಣ ಕೊಡುವ ಉತ್ತರ ಹೆಚ್ಚು ಕಡಿಮೆ ‘ಇಲ್ಲ’. ಅವನು ‘ಪ್ರೋಗ್ರಾಂ ಚಲೋ ಆಗಿರಬೇಕು’ ಎನ್ನುತ್ತಾನೆ, ‘ಚಲೋ ಕಾಣ್ತದ’ ಎನ್ನುತ್ತಾನೆ. ಊಹೆಯ, ತೋರಿಕೆಯ ರೂಪಗಳಿಗೆ ಸರಿಯುತ್ತಾನೆ.

ಒಂದು ತೊಡಕನ್ನು ಇಲ್ಲಿ ಎದುರಿಸಲೇಬೇಕು. ‘ವಿಡಿಯೋ ಚಲೋ ಇತ್ತು’ ಎಂಬ ಮಾತೂ ಬಳಕೆಯಲ್ಲಿದೆ. ಕಡತ ಇನ್ನೂ ಇರುವಾಗ ಭೂತಕಾಲ ಏಕೆ? ಆ ಭೂತಕಾಲ ಕಛೇರಿಯದ್ದಲ್ಲ, ನೋಡಿದ ಗಳಿಗೆಯದ್ದು. ನೋಡುವುದೂ ಒಂದು ಘಟನೆ, ಅದು ಮುಗಿದಿದೆ. ಆದ್ದರಿಂದ ‘ಇತ್ತು’ ರೂಪವನ್ನು ಕಂಡೊಡನೆ ಕಛೇರಿಯ ಮಾತೆಂದು ತೀರ್ಮಾನಿಸಲಾಗದು. ಆದರೆ ತಿರುಗಾಮುರುಗಾ ಆಗುವುದಿಲ್ಲ: ಮುಗಿದ ಆ ಒಂದು ಕಛೇರಿಯನ್ನು ಕುರಿತು ‘ಅದ’ ಎನ್ನಲು ಬರುವುದಿಲ್ಲ. ‘ಅದ’ ಎಂದಲ್ಲೆಲ್ಲ ಮಾತು ಕಡತದ್ದೋ ಹಾಡಿನದ್ದೋ ಆಗಿರುತ್ತದೆ. ಈ ಅಸಮತೆಯೇ ವಿಶ್ಲೇಷಕನಿಗೆ ಸಿಗುವ ಗಟ್ಟಿಯಾದ ಹಿಡಿ.

ಕ್ರಿಯಾಪದಗಳಲ್ಲಿ ಇದೇ ಭೇದ ಇನ್ನೂ ನಿಚ್ಚಳವಾಗಿದೆ. ಅಲ್ಲಿದ್ದು ಕೇಳಿದವನು ‘ಚಲೋ ಹಾಡಿದ್ರು’ ಎನ್ನುತ್ತಾನೆ. ಪರದೆಯಲ್ಲಿ ಕೇಳಿದವನ ಬಾಯಲ್ಲಿ ‘ಚಲೋ ಹಾಡ್ಯಾರ’. ಮೈಸೂರು ಕಡೆಯ ‘ಹಾಡಿದರು’, ‘ಹಾಡಿದ್ದಾರೆ’ಗಳಲ್ಲೂ ಹೀಗೆಯೇ. ಎರಡನೆಯ ರೂಪವು ಕ್ರಿಯೆಯ ಫಲ ಈಗ ಎದುರಿಗಿದೆ, ಅದನ್ನು ನೋಡಿ ಹೇಳುತ್ತಿದ್ದೇನೆ ಎಂಬುದನ್ನು ಸೂಚಿಸುತ್ತದೆ. ಧ್ವನಿಮುದ್ರಣದ ವಿಮರ್ಶೆಗಳಲ್ಲಿ ‘ಹಾಡಿದ್ದಾರೆ’, ‘ನುಡಿಸಿದ್ದಾರೆ’ಗಳೂ, ಕಛೇರಿಯ ಪತ್ರಿಕಾ ವರದಿಗಳಲ್ಲಿ ‘ಹಾಡಿದರು’, ‘ನುಡಿಸಿದರು’ಗಳೂ ಬರುವುದನ್ನು ಓದುಗರು ಗಮನಿಸಿರಬಹುದು.

ಈಗ ಜಗಳವೊಂದನ್ನು ನೋಡೋಣ.

(6) ತರುಣ: ಭಾರಿ ಮಸ್ತ್ ಇತ್ತು ಕಾಕಾ, ಮಂದಿ ಹುಚ್ಚೆದ್ದು ಕುಣಿದ್ರು.
ಹಿರಿಯ: ಎಲ್ಲಿ ಮಸ್ತ್ ಅದಪಾ, ಪದಾನ ಕೇಳಸವಲ್ದು.

ಮೇಲುನೋಟಕ್ಕೆ ಒಬ್ಬ ಹೌದೆಂದದ್ದನ್ನು ಇನ್ನೊಬ್ಬ ಅಲ್ಲವೆನ್ನುತ್ತಿದ್ದಾನೆ. ಆದರೆ ‘ಇತ್ತು’ವಿಗೆ ‘ಅದ’ ಉತ್ತರವಾಗಿ ಬಂದಿದೆ. ಮೈದಾನದಲ್ಲಿ ಎದೆಗೆ ಬಡಿದ ಡ್ರಮ್ಮಿನ ಮಾತನ್ನು ಒಬ್ಬ ಆಡುತ್ತಿದ್ದಾನೆ. ಅಂಗೈಯಗಲದ ಸ್ಪೀಕರಿನಲ್ಲಿ ಆ ಡ್ರಮ್ಮಿನ ಅಡಿಗೆ ಹೂತುಹೋದ ಸಾಹಿತ್ಯದ ಮಾತನ್ನು ಇನ್ನೊಬ್ಬ. ಎರಡೂ ಏಕಕಾಲಕ್ಕೆ ನಿಜವಾಗಬಲ್ಲವು. ಜನರ ಅಭಿಪ್ರಾಯಗಳನ್ನು ಮೆಚ್ಚುಗೆ, ತೆಗಳಿಕೆ ಎಂದು ಎರಡೇ ಗೂಡೆಗೆ ಹಾಕಿ ಎಣಿಸುವ ಗಣಕವಿಧಾನಗಳು (6)ನ್ನು ಒಂದು ಪರ, ಒಂದು ವಿರೋಧ ಎಂದು ಬರೆದುಕೊಳ್ಳುತ್ತವೆ. ಎಣಿಕೆ ಸರಿಯಾಗಿರುತ್ತದೆ, ಎಣಿಸಿದ್ದು ಏನೆಂಬುದು ತಪ್ಪಾಗಿರುತ್ತದೆ. ಕನ್ನಡಕ್ಕೆ ಇಂಥ ಉಪಕರಣಗಳನ್ನು ಕಟ್ಟಹೊರಟಿರುವ ಸಂಶೋಧನಾ ವಿದ್ಯಾರ್ಥಿಗಳು ಕನಿಷ್ಠ ‘ಇರು’ ಧಾತುವಿನ ಕಾಲವನ್ನಾದರೂ ಗುರುತು ಮಾಡಬೇಕೆಂಬುದು ನನ್ನ ಬಿನ್ನಹ.

ಉಪಕರಣಗಳಿಗೆ ಇನ್ನೊಂದು ಗುಂಡಿಯೂ ಇದೆ. ದಕ್ಷಿಣದ ಕನ್ನಡದಲ್ಲಿ ಕೇಳಿಬಂದ ಸುದ್ದಿಗೆ ‘ಅಂತೆ’, ಉದ್ಧರಣೆಗೆ ‘ಅಂತ’. ನಮ್ಮಲ್ಲಿ ಎರಡಕ್ಕೂ ‘ಅಂತ’ವೇ. ‘ಚಲೋ ಇತ್ತಂತ’ ಎಂಬುದು ಕುರ್ಡಿಯಲ್ಲಿ ಮುಗಿದ ವಾಕ್ಯ. ಬೆಂಗಳೂರಿನ ಕಿವಿಗೆ ಅದು ‘ಹೇಳಿದ’ ಎಂಬ ಕ್ರಿಯಾಪದಕ್ಕೆ ಕಾಯುತ್ತಿರುವ ಅರೆವಾಕ್ಯ. ಬರೆಹದಲ್ಲಿ ಧ್ವನಿಯ ಇಳಿತವೂ ಇರುವುದಿಲ್ಲ. ಹೀಗೆ ತಾನು ಕಂಡಿಲ್ಲವೆಂದು ಪ್ರಾಮಾಣಿಕವಾಗಿ ಒಪ್ಪಿಕೊಂಡವನ ಮಾತು ಕಂಡವನ ಮಾತಾಗಿ ದಾಖಲಾಗುವ ಅಪಾಯವಿದೆ.

4. ‘ಏನೋ’, ‘ಅಂತೂ’

ಅರ್ಧ ಒಪ್ಪಿ ಅರ್ಧ ಬಿಡುವ ಮಾತುಗಳಲ್ಲಿ ‘ಏನೋ’ ಎಂಬುದರ ಬಳಕೆ ಸ್ವಾರಸ್ಯಕರ.

(7) ದನಿ ಏನೋ ಚಲೋ ಅದ, ಆದ್ರ ಗದ್ದಲ ಭಾಳ.

ಪ್ರಶ್ನಾರ್ಥಕ ‘ಏನು’ವಿಗೆ ಸಂದೇಹದ ‘ಓ’ ಸೇರಿದ ಈ ಪದ ‘ಏನೋ ಬಿತ್ತು’ ಎಂಬಲ್ಲಿ ಅನಿಶ್ಚಯವನ್ನು ಹೇಳುತ್ತದೆ. (7)ರಲ್ಲಿ ಅನಿಶ್ಚಯವಿಲ್ಲ, ದನಿ ಚೆನ್ನಾಗಿದೆ ಎಂಬುದನ್ನು ಮಾತುಗಾರ ಒಪ್ಪಿಯೇ ಇದ್ದಾನೆ. ಆದರೆ ಆ ಒಪ್ಪಿಗೆಯ ಮೇಲೆ ಭಾರ ಹಾಕಲು ಅವನು ಸಿದ್ಧನಿಲ್ಲ. ಸಂದೇಹದ ಗುರುತು ಇಲ್ಲಿ ಸಂಗತಿಯ ನಿಜದಿಂದ ಸರಿದು ಅದರ ಮಹತ್ತ್ವಕ್ಕೆ ಅಂಟಿಕೊಂಡಿದೆ. ‘ಏನೋ’ ಕೇಳಿಸಿದ ಕೂಡಲೇ ‘ಆದ್ರ’ ಬರುತ್ತದೆಂದು ಕೇಳುಗನಿಗೆ ಗೊತ್ತು. ಮುಂದಿನದನ್ನು ನುಂಗಿಕೊಂಡು ಬರೀ ‘ದನಿ ಏನೋ ಚಲೋ ಅದ...’ ಎಂದು ಎಳೆದರೂ ತೆಗಳಿಕೆ ಮುಟ್ಟುತ್ತದೆ. ‘ಅಂತೂ’ ಇದಕ್ಕೆ ಎದುರು: ‘ಪಿಟೀಲಂತೂ ಏನ್ ಕೇಳ್ತಿ!’ ಎಂದಾಗ ಉಳಿದದ್ದು ಹೇಗೇ ಇರಲಿ, ಇದೊಂದರಲ್ಲಿ ಎರಡು ಮಾತಿಲ್ಲ ಎಂದು ಆ ಅಂಶದ ಮೇಲೆ ಪೂರ್ತಿ ಭಾರ ಬೀಳುತ್ತದೆ.

5. ‘ಅನ್ನಬೇಕು’

ಹಿರಿಯರ ಅಸಮಾಧಾನ ಎಷ್ಟೋ ಸಲ ರುಚಿಯದ್ದೇ ಆಗಿರುವುದಿಲ್ಲ. ದಕ್ಷಿಣದ ಗಾಯಕರು ಉತ್ತರದ ಪದವನ್ನು ಹಾಡುವಾಗ ಪದಾಂತ್ಯದ ಸ್ವರ ತಕರಾರಿಗೆ ಒಳಗಾಗುತ್ತದೆ: ‘ಮಾಳಿಗಿ’ಯೋ ‘ಮಾಳಿಗೆ’ಯೋ, ‘ಮನಿ’ಯೋ ‘ಮನೆ’ಯೋ. ‘ಮಾಳಿಗಿ ಅನ್ನಬೇಕ್ರಿ’ ಎಂಬಲ್ಲಿ ಚತುರ್ಥಿಯ ಅನುಭವಿಯೂ ಇಲ್ಲ, ‘ಚಲೋ’ವೂ ಇಲ್ಲ, ‘ಬೇಕು’ ಇದೆ. ಇದು ನಿಯಮದ ಮಾತು, ನಿಯಮಕ್ಕೆ ಒಡೆಯರಿರುತ್ತಾರೆ. ಷರೀಫರ ನುಡಿ ಹಾವೇರಿ, ಧಾರವಾಡದ್ದು, ರಾಯಚೂರಿನದ್ದಲ್ಲ. ಆದರೂ ಕುರ್ಡಿಯ ಹಾಡುಗಾರ ‘ನಮ್ಮ ಪದ’ ಎಂದೇ ಹಕ್ಕು ಹೂಡುತ್ತಾನೆ. ಈ ‘ನಮ್ಮ’ದಲ್ಲಿ ಎದುರಿಗಿರುವ ಬೆಂಗಳೂರಿನ ಕೇಳುಗ ಸೇರಿದ್ದಾನೆಯೇ? ಇಂದಿನ ಕನ್ನಡ ಉತ್ತರಿಸುವುದಿಲ್ಲ. ರಾಯಚೂರಿನಲ್ಲಿ ಕನ್ನಡದ ಪಕ್ಕದಲ್ಲೇ ಕೇಳಿಬರುವ ತೆಲುಗಿನಲ್ಲಾದರೆ ‘ಮನ’, ‘ಮಾ’ಗಳ ನಡುವೆ ಒಂದನ್ನು ಆರಿಸಿ ಹೇಳಲೇಬೇಕು. ಎರಡೂ ಭಾಷೆ ಬಲ್ಲವರು ಕನ್ನಡದ ಈ ಮಬ್ಬನ್ನು ಉದ್ದೇಶಪೂರ್ವಕವಾಗಿ ಬಳಸುತ್ತಾರೆಯೇ ಎಂಬುದು ಕ್ಷೇತ್ರಕಾರ್ಯ ಬೇಡುವ ಪ್ರಶ್ನೆ.

(6)ರ ಜಗಳ ಸಾಮಾನ್ಯವಾಗಿ ಹೀಗೆ ತಣ್ಣಗಾಗುತ್ತದೆ:

(8) ಹಿರಿಯ: ನೀ ಹೋಗಿದ್ದೆಲ್ಲಪಾ, ನಿನಗ ಗೊತ್ತು. ನನಗ ಇದರಾಗ ಬಂದಷ್ಟs ಬಂತು.

ಇದನ್ನು ಸೋಲೊಪ್ಪಿಕೊಂಡ ಮಾತೆಂದು ಓದುವುದು ಸುಲಭ. ಆದರೆ ಹಿರಿಯ ತನ್ನ ತೀರ್ಪಿನ ಒಂದಂಶವನ್ನೂ ಹಿಂತೆಗೆದುಕೊಂಡಿಲ್ಲ. ಎರಡು ಚತುರ್ಥಿಗಳನ್ನು, ‘ನಿನಗ’ ಮತ್ತು ‘ನನಗ’ ಎಂಬುವನ್ನು, ಎದುರುಬದುರು ಕೂರಿಸಿ, ತರುಣನ ‘ಇತ್ತು’ವನ್ನು ತರುಣನಿಗೇ ಬಿಟ್ಟುಕೊಟ್ಟು, ‘ಅದ’ವನ್ನು ತನ್ನ ಕೈಯಲ್ಲೇ ಉಳಿಸಿಕೊಂಡಿದ್ದಾನೆ.